ಈರಕ್ಕನ ‘ಎರಡೂ ಒಂದೇ’ ಹಾಲೆಂಡಿಗೆ ಹೋದದ್ದು

ಮಧುಗಿರಿ ಬಿಡುವ ಮುನ್ನ

ಹಾಲೆಂಡಿಗೆ ಹೋಗಿಬಂದವರು ಟ್ಯುಲಿಪ್ ಹೂಗಳ ನಡುವೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಹೋದದ್ದು ನವೆಂಬರಿನಲ್ಲಿ, ಹೂವೆಲ್ಲ ಮಣ್ಣೊಳಗೆ ಗೆಡ್ಡೆಯಾಗಿ ಮಲಗಿದ್ದ ಕಾಲದಲ್ಲಿ. ಅಲ್ಲಿದ್ದ ಐದು ವಾರದಲ್ಲಿ ಬಹುಪಾಲು ದಿನ ಸಿಟ್ಟು ಮಾಡಿಕೊಂಡೇ ಇದ್ದೆ. ಆ ಮುಖದ ಫೋಟೋ ತೆಗೆಸಿಕೊಂಡು ಯಾರಿಗೆ ತೋರಿಸಲಿ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಧುಗಿರಿಯ ಒಂದು ಕಚೇರಿಯಲ್ಲಿ ಅಂಕಿಅಂಶ ಬರೆಯುವ ನೌಕರ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕೆಲವು ಊರುಗಳಿಗೆ ಕೈಪಂಪು ಹಾಕಿಸಿಕೊಡುತ್ತೇವೆಂದು ಹೊರದೇಶದ ಒಂದು ಸಂಸ್ಥೆ ಮುಂದೆ ಬಂದಿತ್ತು. ಅವರ ಹತ್ತಿರ ಎರಡು ನಕ್ಷೆ ಇದ್ದವು. ಮೊದಲನೆಯದರಲ್ಲಿ ಪಂಪು ಮನೆಗಳ ನಡುವೆಯೇ ಇರುತ್ತದೆ; ಸುತ್ತ ಗೋಡೆ, ದನಕುರಿ ಒಳಗೆ ಬರುವಂತಿಲ್ಲ. ಎರಡನೆಯದರಲ್ಲಿ ಪಂಪು ಊರಾಚೆ. ಚೆಲ್ಲಿದ ನೀರು ಕಾಲುವೆಯಲ್ಲಿ ಹರಿದು ಉದ್ದನೆಯ ತೊಟ್ಟಿ ಸೇರುತ್ತದೆ, ಕುರಿಗಳು ಅಲ್ಲಿ ಕುಡಿಯಬಹುದು. ಪೈಪು ಸಿಮೆಂಟು ಎಲ್ಲ ಒಟ್ಟಿಗೆ ತರಿಸುವುದರಿಂದ ನಾಲ್ಕೂ ತಾಲ್ಲೂಕಿಗೆ ಒಂದೇ ನಕ್ಷೆ. ಯಾವುದು ಎಂದು ಜನರನ್ನೇ ಕೇಳಿ ಎಂದು ಅವರು ಬರೆದಿದ್ದರು. ನನ್ನ ನೌಕರಿಯಲ್ಲಿ ಜನರನ್ನು ಕೇಳಿ ಎಂದು ಹೇಳಿದ ಮೊದಲ ಕಾಗದ ಅದು. ನನಗೆ ನಿಜವಾಗಿಯೂ ಖುಷಿಯಾಯಿತು.

ಕೇಳುವ ಕ್ರಮ ಹೀಗಿತ್ತು. ನಾಲ್ಕು ಚಿತ್ರ: ಮನೆಗೆ ಹತ್ತಿರದ ನೀರು, ಶುದ್ಧ ನೀರು, ಬೇಸಿಗೆಗೂ ಬತ್ತದ ನೀರು, ದನಕುರಿಗೆ ತೊಟ್ಟಿ. ಒಂದು ಸಲಕ್ಕೆ ಎರಡು ಚಿತ್ರ ಎರಡು ತಟ್ಟೆಯ ಮುಂದೆ ಇಟ್ಟು ಹತ್ತು ಹುಣಸೆಬೀಜ ಕೈಗೆ ಕೊಡುವುದು. ನಿಮಗೆ ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಆ ತಟ್ಟೆಗೆ ಹಾಕಿ ಎನ್ನುವುದು. ಬಸ್ಸು ಹೋಗುವ ಕಡೆ ಬಸ್ಸಿನಲ್ಲಿ, ಉಳಿದ ಕಡೆ ಸೈಕಲ್ಲಿನಲ್ಲಿ ತಟ್ಟೆ ಬೀಜ ಹೊತ್ತುಕೊಂಡು ಎರಡು ತಿಂಗಳು ತಿರುಗಿದೆ.

ಸಿರಾ ತಾಲ್ಲೂಕಿನ ಹುಲಿಕುಂಟೆ ಹತ್ತಿರದ ಒಂದು ಹಟ್ಟಿಯಲ್ಲಿ ಈರಕ್ಕ ಸಿಕ್ಕಳು. ಕುರಿ ಸಾಕುವ ಮನೆತನದ ಹಿರಿಯ ಹೆಂಗಸು. ಒಂದು ತಟ್ಟೆಯ ಮುಂದೆ ‘ಹತ್ತಿರ’, ಇನ್ನೊಂದರ ಮುಂದೆ ‘ತೊಟ್ಟಿ’ ಇಟ್ಟೆ. ಬೇರೆಯವರು ಉಸಿರು ಬಿಡುವಷ್ಟರಲ್ಲಿ ಮುಗಿಸುವ ಕೆಲಸವನ್ನು ಈಕೆ ಹಿಡಿದುಕೊಂಡು ಕೂತಳು.

“ಅತ್ರ ಅಂದ್ರೆ ಏಸು ಅತ್ರ ಸಾಮಿ? ಹಟ್ಟಿ ನಡುಮಧ್ಯನಾ, ಬೇಲಿ ತಾವ್ಲಾ?”

“ನಡುಮಧ್ಯಾನೇ ಅನ್ಕೋ.”

“ತೊಟ್ಟಿಗೆ ಒಂದ್ಸಲಕ್ಕೆ ಏಸು ಕುರಿ ಮೂತಿ ಇಕ್ತವೆ?”

“ಅಷ್ಟೆಲ್ಲ ಬೇಡಮ್ಮ, ಮನಸ್ಸಿಗೆ ಬಂದಂಗೆ ಇಡು.”

“ಮನ್ಸಿಗೆ ಬಂದಂಗೆ ಇಕ್ಕಾಕೆ ಇದೇನು ಚೌಕಾಬಾರನಾ?” ಎಂದು ನನ್ನನ್ನೇ ಗದರಿದಳು.

ಆರು ಬೀಜ ಈ ಕಡೆ, ನಾಲ್ಕು ಆ ಕಡೆ. ಎದ್ದುಹೋಗಿ ಬೇಲಿ ಹಾಕಿದ ರೊಪ್ಪದೊಳಗೆ ಕುರಿಗಳನ್ನೊಮ್ಮೆ ನೋಡಿ ಬಂದಳು. ಒಂದು ಬೀಜ ತೆಗೆದು ಆ ಕಡೆಗೆ ಹಾಕಿದಳು. ಇನ್ನೊಂದು ಹಾಕಿ ಮತ್ತೆ ವಾಪಸು ತೆಗೆದಳು. ಸಿರಾ ಬಸ್ಸಿನ ಹೊತ್ತಾಗುತ್ತಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಕೊನೆಗೆ ಐದು, ಐದು. ಎರಡೂ ತಟ್ಟೆಯನ್ನು ಒಮ್ಮೆ ದೂರದಿಂದ ನೋಡಿ, “ಈಗ ಎಲ್ಡೂ ಒಂದೇ ಕಣ್ ಸಾಮಿ. ಬರ್ಕೋ” ಎಂದಳು. ನಾನು ‘ಸಮ’ ಎಂದು ಬರೆದುಕೊಂಡು ಓಡಿದೆ.

ಆಮೇಲೆ ಆ ಸಂಸ್ಥೆಯವರೇ, ಇಂಥ ಲೆಕ್ಕಾಚಾರ ಕಲಿಸುವ, ಹಾಲೆಂಡಿನ ತಮ್ಮ ಊರಿನ ಶಾಲೆಗೆ ನನ್ನನ್ನು ಕರೆಸಿಕೊಂಡರು. ಜನರ ಉತ್ತರಗಳು ನನಗಿಂತ ಮೊದಲೇ ಅಂಚೆಯಲ್ಲಿ ಹೋಗಿದ್ದವು. ಸಿರಾದ ದರ್ಜಿ ಸಾಬರು ಕೋಟು ಹೊಲಿದುಕೊಟ್ಟು, “ಥಂಡಿ ಮುಲ್ಕು ಐತಂತಲ್ಲ ಸಾರ್, ಅಸ್ತರ್ ದಪ್ಪ ಹಾಕಿವ್ನಿ. ಫಿಕರ್ ಮಾಡ್ಬ್ಯಾಡಿ” ಎಂದರು. ಒಳಬಟ್ಟೆಯ ಆ ಅಸ್ತರು ಎಷ್ಟು ದಪ್ಪವಿತ್ತೆಂದರೆ ಗುಂಡಿ ಹಾಕಲಿಕ್ಕೇ ಬರಲಿಲ್ಲ. ಐದು ವಾರವೂ ಎದೆ ತೆರೆದುಕೊಂಡೇ ಥಂಡಿಯಲ್ಲಿ ಓಡಾಡಿದೆ.

ಟ್ರೂಸ್ ಮೇಡಂ ಅವರ ಅಡುಗೆಮನೆ

ನನಗೆ ಕೋಣೆ ಕೊಟ್ಟಿದ್ದವರು ಟ್ರೂಸ್ ಮೇಡಂ. ನರ್ಸ್ ಆಗಿದ್ದು ನಿವೃತ್ತರಾದ ಒಂಟಿ ಹೆಂಗಸು, ನೆಟ್ಟಗೆ ಬೆನ್ನು, ನೆಟ್ಟಗೆ ಮಾತು. ಮೊದಲ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂರಿಸಿ, “ಕಾಫಿಯೋ ಟೀಯೋ?” ಎಂದು ಕೇಳಿದರು.

“ಯಾವುದಾದರೂ ಸರಿ” ಎಂದೆ. ಮರ್ಯಾದಸ್ಥ ಮನುಷ್ಯ ಬೇರೆಯವರ ಮನೆಯಲ್ಲಿ ಇನ್ನೇನು ಹೇಳುತ್ತಾನೆ?

ಅವರು ತಲೆಯಾಡಿಸಿದರು. ತಮಗೆ ಕಾಫಿ ಬಗ್ಗಿಸಿಕೊಂಡು ಎದುರಿಗೆ ಕೂತು ಕುಡಿಯತೊಡಗಿದರು. ನನ್ನದು ಒಲೆಯ ಮೇಲಿದೆ, ಬರುತ್ತದೆ ಎಂದು ಕಾದೆ. ಒಲೆ ಆರಿತ್ತು. ಲೋಟ ತೊಳೆದಿಟ್ಟು, ಶುಭದಿನ ಎಂದು ಹೇಳಿ ಹೊರಟೇಹೋದರು.

ಸಂಜೆ ಸೂಪೋ ರೊಟ್ಟಿಯೋ ಎಂದರು. ನನಗೆ ಹೊಟ್ಟೆಯಲ್ಲಿ ಬೆಂಕಿ. ಆದರೂ ಹುಟ್ಟುಗುಣ ಬಿಡಬೇಕಲ್ಲ. “ಎರಡೂ ಒಂದೇ” ಎಂದೆ. “ಹಾಗಾದರೆ ಹಸಿವಿಲ್ಲ” ಎಂದು ತಾವೇ ತೀರ್ಮಾನ ಮಾಡಿ ಪಾತ್ರೆ ಮುಚ್ಚಿದರು. ಕೋಣೆಗೆ ಹೋಗಿ, ಟ್ರಂಕಿನಲ್ಲಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿಂದೆ. ಎಂಥ ಜನ ಇವರು! ಮಧುಗಿರಿಯ ನಮ್ಮ ಮನೆಗೆ ಬಂದವರು ಬೇಡ ಬೇಡ ಎಂದರೂ ನನ್ನ ಹೆಂಡತಿ ಲೋಟ ಕೈಗಿಟ್ಟೇ ಬಿಡುತ್ತಾಳೆ. ಎರಡೂ ಒಂದೇ ಎಂದರೆ, ನಿಮ್ಮ ಕೈಯಿಂದ ಯಾವುದು ಬಂದರೂ ಸಂತೋಷ ಎಂದಲ್ಲವೇ? ಅದನ್ನು ಏನೂ ಬೇಡ ಎಂದು ಓದಿಕೊಳ್ಳುವವರಿಗೆ ಏನು ಹೇಳುವುದು?

ಮೂರನೆಯ ದಿನ ನಾಚಿಕೆ ಬಿಟ್ಟು “ಕಾಫಿ! ದೊಡ್ಡ ಲೋಟದಲ್ಲಿ!” ಎಂದು ಕೂಗಿದೆ. ಟ್ರೂಸ್ ಮೇಡಂ ಮೊದಲ ಸಲ ನಕ್ಕರು. ಕಾಫಿಯ ಜೊತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟರು. ಒಂದೇ. ಕೊಟ್ಟ ತಕ್ಷಣ ಡಬ್ಬಿ ಮುಚ್ಚಿದರು.

ದಿಬ್ಬದ ಮೇಲಿನ ಕುರಿಗಳು

ಆ ದೇಶದ ಕಾಲುಭಾಗ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಎಲ್ಲಿ ಅಗೆದರೂ ನೀರು, ಅಗೆಯದಿದ್ದರೂ ನೀರು. ಹೊಲದ ಬದುವಿಗೆ ಕಾಲುವೆ, ಮನೆಯ ಮುಂದೆ ಕಾಲುವೆ, ಮೇಲಿಂದ ದಿನವೂ ಜಿಟಿಜಿಟಿ. ನೀರನ್ನು ಎತ್ತಿ ಎತ್ತಿ ಹೊರಗೆ ಚೆಲ್ಲುವುದಕ್ಕೆ ಅವರು ನೂರಾರು ವರ್ಷದಿಂದ ಯಂತ್ರ ತಿರುಗಿಸುತ್ತಿದ್ದಾರೆ. ಚೆಲ್ಲುವ ಆ ನೀರಿನ ದಂಡೆಯಲ್ಲಿ ನಿಂತಾಗ ನನ್ನ ಹೊಟ್ಟೆ ಉರಿಯಿತು. ನೀರು ಸಾಕಪ್ಪಾ ಸಾಕು ಎಂದು ಆಚೆ ತಳ್ಳುವವರು ಪಾವಗಡದ ನೀರನ್ನು ತೀರ್ಮಾನ ಮಾಡಬೇಕೆ?

ಶಾಲೆಗೆ ಹೋಗುವ ದಾರಿಯಲ್ಲಿ ಸಮುದ್ರ ತಡೆಯುವ ಮಣ್ಣಿನ ದಿಬ್ಬ ಇತ್ತು. ಅದರ ಮೇಲೆ ಕುರಿಗಳು ಮೇಯುತ್ತಿದ್ದವು. ಕಾಯುವವರು ಇಲ್ಲ, ನಾಯಿ ಇಲ್ಲ, ಕಂಬಳಿ ಕೊಪ್ಪೆ ಇಲ್ಲ. ಬಾಯಾರಿದರೆ ನಾಲ್ಕು ಹೆಜ್ಜೆ ಇಳಿದು ಕಾಲುವೆಗೆ ಮೂತಿ ಇಡುತ್ತಿದ್ದವು. ಅಲ್ಲಿಯ ಕುರಿಗೆ ಇರುವ ಸುಖ ನಮ್ಮ ಹಟ್ಟಿಯ ಮನುಷ್ಯರಿಗೂ ಇಲ್ಲವಲ್ಲ ಎಂದು ದಿನವೂ ಅನ್ನಿಸುತ್ತಿತ್ತು.

ಪಾಠ ಹೇಳುತ್ತಿದ್ದವರು ಯಾನ್ ಎಂಬ ಪ್ರೊಫೆಸರರು. ತೆಂಗಿನ ಮರದಷ್ಟು ಎತ್ತರ, ಮಳೆಯಲ್ಲೂ ಸೈಕಲ್ಲು, ಮಾತು ಮಾತ್ರ ಮೆತ್ತಗೆ. ಒಂದು ದಿನ ಬೋರ್ಡಿನ ಮೇಲೆ ಎರಡು ಮನೆ ಬರೆದರು. ಒಂದು ಚಿಕ್ಕದು, ಕೆಲಸಕ್ಕೆ ಹತ್ತಿರ. ಇನ್ನೊಂದು ದೊಡ್ಡದು, ದೂರ.

“ಯಾವುದು ಬೇಕು ಎಂದು ಕೇಳಿ. ಹತ್ತಿರದ್ದು ಅಂದರೆ ದೂರದ ಮನೆಗೆ ಇನ್ನೊಂದು ಕೋಣೆ ಸೇರಿಸಿ ಮತ್ತೆ ಕೇಳಿ. ದೂರದ್ದು ಅಂದರೆ ಅರ್ಧ ಕೋಣೆ ಕಡಿಮೆ ಮಾಡಿ. ಹೀಗೆ ಮಾಡುತ್ತಾ ಹೋದರೆ ಒಂದು ಹೊತ್ತಿಗೆ ಅವರು ಹೇಳುತ್ತಾರೆ: ಈಗ ನನಗೆ ಎರಡೂ ಒಂದೇ. ಅಲ್ಲಿ ನಿಲ್ಲಿಸಿ. ಹತ್ತಿರಕ್ಕೆ ಎಷ್ಟು ತೂಕ, ಕೋಣೆಗೆ ಎಷ್ಟು ತೂಕ ಎಂಬುದು ಅಲ್ಲೇ ಸಿಗುವುದು. ನಾವು ಹುಡುಕುವುದೆಲ್ಲ ಆ ಒಂದು ಮಾತಿಗಾಗಿ.”

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇದನ್ನು ನಾನು ನೋಡಿದ್ದೆ! ಬೀಜ ಎಣಿಸಿದ ಮಾರನೆಯ ವಾರ ಮತ್ತೆ ಆ ಕಡೆ ಹೋದಾಗ ಅದೇ ಹಟ್ಟಿಯಲ್ಲಿ ಅಣ್ಣತಮ್ಮಂದಿರ ಕುರಿಮಂದೆ ಪಾಲಾಗುತ್ತಿತ್ತು. ಅಲ್ಲಿಯ ಕಟ್ಟಳೆ ಏನೆಂದರೆ, ಪಾಲು ಮಾಡುವವರು ಬೇರೆ, ಆರಿಸುವವರು ಬೇರೆ. ಪಾಲು ಮಾಡುವ ಕೆಲಸ ಈರಕ್ಕನದು, ಅವಳ ಮನೆಯ ಪಾಲೂ ಅದರಲ್ಲೇ ಇತ್ತು. ಎರಡು ರೊಪ್ಪಕ್ಕೆ ಕುರಿ ತುಂಬಿಸಿ, ಈ ಗಬ್ಬದ ಕುರಿ ಆ ಕಡೆಗೆ, ಅದಕ್ಕೆ ಎದುರಾಗಿ ಎರಡು ಮರಿ ಈ ಕಡೆಗೆ, ಕುಂಟು ಟಗರಿಗೆ ಜೊತೆಗೊಂದು ಒಳ್ಳೆಯ ಹಾಲಿನ ಕುರಿ, ಹೀಗೆ ಬೆಳಗೆಲ್ಲ ಅದಲುಬದಲು ಮಾಡಿದಳು. ಮೈದುನ ಬೇಲಿಗೆ ಒರಗಿ ಕಾಯುತ್ತಿದ್ದ. “ಅರ್ಜೆಂಟ್ ಮಾಡ್ಬ್ಯಾಡ ಕಣ್ಲಾ” ಎಂದು ಅವನಿಗೂ ಗದರಿಕೆ. ಕೊನೆಗೆ ನಡುವೆ ನಿಂತು, “ಎಲ್ಡೂ ಒಂದೇ. ಈಗ ನೀನು ಯಾವ್ದು ಮುಟ್ಟಿದ್ರೂ ನಂಗೆ ಹೊಟ್ಟೆಕಿಚ್ಚಿಲ್ಲ” ಎಂದಳು. ಮೈದುನ ಕೋಲಿನಿಂದ ಒಂದು ರೊಪ್ಪ ತೋರಿಸಿದ. ಮುಗಿಯಿತು. ಪಾಲು ಮಾಡಿದವಳು ಎರಡೂ ಒಂದೇ ಎನ್ನುವ ತನಕ ಆ ಹಟ್ಟಿಯಲ್ಲಿ ಯಾರೂ ಕೋಲು ಎತ್ತುವಂತಿಲ್ಲ.

ಇದನ್ನೆಲ್ಲ ಎದ್ದುನಿಂತು ಹೇಳಿದೆ. ಯಾನ್ ಅವರು ಸೀಮೆಸುಣ್ಣ ಕೆಳಗಿಟ್ಟು ಕೇಳಿದರು. “ನಿಮ್ಮ ಈರಕ್ಕ ಇಲ್ಲಿ ಪಾಠ ಹೇಳಬೇಕಿತ್ತು” ಎಂದರು. ಆ ಒಂದು ಮಧ್ಯಾಹ್ನ ಹಾಲೆಂಡು ನನಗೆ ಇಷ್ಟವಾಯಿತು.

ಕಂಪ್ಯೂಟರ್ ಕೋಣೆ

ಇಷ್ಟವಾದದ್ದು ಮಾರನೆಯ ದಿನಕ್ಕೆ ಮುಗಿಯಿತು. ನಮ್ಮ ನಾಲ್ಕು ತಾಲ್ಲೂಕಿನ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿದ್ದಾರೆ, ಬಂದು ನೋಡಿ ಎಂದರು. ನಮ್ಮ ಕಚೇರಿಯಷ್ಟು ದೊಡ್ಡ ಕೋಣೆಯಲ್ಲಿ ಅದು ಗೊರಗೊರ ಎನ್ನುತ್ತಾ ಕಾಗದ ಕಾರುತ್ತಿತ್ತು. ನೋಡಿಕೊಳ್ಳುವವನು ಕೀಸ್ ಎಂಬ ಗಡ್ಡದ ಮನುಷ್ಯ. ಉದ್ದ ಕಾಗದ ಹರಡಿ ತೋರಿಸಿದ. ಶುದ್ಧ ನೀರಿಗೆ ಇಷ್ಟು ತೂಕ, ಬತ್ತದ ನೀರಿಗೆ ಇಷ್ಟು, ಹತ್ತಿರಕ್ಕೆ ಇಷ್ಟು. ತಳದಲ್ಲಿ ತೊಟ್ಟಿ, ಇದ್ದೂ ಇಲ್ಲದ ಹಾಗೆ.

“ಇದು ಹೇಗಾಯಿತು? ಹಟ್ಟಿಗಳಲ್ಲಿ ತೊಟ್ಟಿಗೆ ಸಮ ಕೊಟ್ಟಿದ್ದರಲ್ಲ?”

“ಓ, ಸಮಗಳು” ಎಂದ ಕೀಸ್. “ಅವನ್ನು ಕೈಬಿಟ್ಟಿದ್ದೇನೆ. ಎರಡೂ ಒಂದೇ ಅಂದರೆ ಅಭಿಪ್ರಾಯ ಇಲ್ಲ ಅಂತ ತಾನೆ? ಅಭಿಪ್ರಾಯ ಇರುವವರನ್ನು ಮಾತ್ರ ಲೆಕ್ಕ ಹಾಕಿದ್ದೇನೆ.”

ನನ್ನ ಕಿವಿ ಬಿಸಿಯಾಯಿತು. ಅಭಿಪ್ರಾಯ ಇಲ್ಲವಂತೆ! ರೊಪ್ಪಕ್ಕೆ ಎದ್ದುಹೋಗಿ ಕುರಿ ನೋಡಿ ಬಂದು ಬೀಜ ಹಾಕಿದವಳಿಗೆ ಅಭಿಪ್ರಾಯ ಇಲ್ಲ. ಹಿಂದೆಮುಂದೆ ನೋಡದೆ ಹತ್ತು ಬೀಜವನ್ನೂ ಒಂದೇ ತಟ್ಟೆಗೆ ಸುರಿದು ಬೀಡಿ ಹಚ್ಚಿದವನಿಗೆ ಅಭಿಪ್ರಾಯ ಇದೆ. ನಿನ್ನೆ ಆ ಕೋಣೆಯಲ್ಲಿ ನಿಮ್ಮ ಪ್ರೊಫೆಸರು ಯಾವ ಮಾತಿಗಾಗಿ ಹುಡುಕಾಡುತ್ತೇವೆ ಎಂದರೋ ಅದೇ ಮಾತನ್ನು ಇವತ್ತು ಈ ಕೋಣೆಯಲ್ಲಿ ಕಸದ ಬುಟ್ಟಿಗೆ ಹಾಕಿದ್ದೀರಲ್ಲಯ್ಯಾ ಎಂದು ಕಿರುಚಿದೆ. ಇಂಗ್ಲಿಷಿನಲ್ಲಿ ಶುರುಮಾಡಿದ್ದು ಕನ್ನಡಕ್ಕೆ ಬಂದು ನಿಂತಿತು. ಕೀಸ್ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡ.

ಯಾವ ನಕ್ಷೆ ಎಂದು ತೀರ್ಮಾನಿಸಲು ಬುಧವಾರ ಸಂಸ್ಥೆಯವರ ಸಭೆ. ಈ ಕಾಗದವೇ ಸಭೆಗೆ ಹೋದರೆ ಮೊದಲ ನಕ್ಷೆ ಖಾಯಂ: ಗೋಡೆ ಕಟ್ಟಿದ ಪಂಪು, ಕುರಿಗೆ ಒಂದು ತೊಟ್ಟೂ ಇಲ್ಲ. ಕುರಿಯಿಂದಲೇ ಬದುಕುವ ಹಟ್ಟಿಗಳಿಗೆ ಅದು ಪಂಪಲ್ಲ, ಅವಮಾನ. ಯಾನ್ ಅವರು ಬಂದು ನನ್ನನ್ನು ಕೂರಿಸಿದರು. “ಸಮ ಅಂದವರೆಲ್ಲ ಈರಕ್ಕನ ಹಾಗೆಯೇ ತೂಗಿ ನೋಡಿ ಹೇಳಿದರೋ? ಅದು ನಿಮಗೆ ಗೊತ್ತಿದ್ದರೆ ಸಾಬೀತು ಮಾಡಿ. ಬುಧವಾರದವರೆಗೆ ಸಮಯ ಇದೆ” ಎಂದರು.

ಭಾನುವಾರ

ನನಗೊಂದು ಚಟವಿದೆ. ನಮೂನೆ ತುಂಬುವಾಗ ಜನ ಆಡಿದ ಮಾತನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಹಾಗೆಯೇ ಗೀಚಿಕೊಳ್ಳುತ್ತೇನೆ. ನೋಟ್‌ಬುಕ್ಕುಗಳು ಟ್ರಂಕಿನಲ್ಲಿದ್ದವು, ಉಪ್ಪಿನಕಾಯಿ ಬಾಟಲಿ ಒಡೆಯದಿರಲಿ ಎಂದು ಸುತ್ತಲೂ ತುರುಕಿದ್ದೆ. ಭಾನುವಾರ ಬೆಳಿಗ್ಗೆ ಟ್ರೂಸ್ ಮೇಡಂ ಚರ್ಚಿಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡೆ.

ಓದುತ್ತಾ ಹೋದ ಹಾಗೆ ನನ್ನ ಕೋಪ ಮನೆಯ ಕಡೆಗೆ ತಿರುಗಿತು. ಕೊರಟಗೆರೆ ತಾಲ್ಲೂಕಿನ ಒಬ್ಬ ಸೊಸೆ, ಜಗಲಿಯ ಮೇಲೆ ಕೂತ ಮಾವನ ಕಡೆ ನೋಡಿಕೊಂಡು: “ಎಲ್ಡೂ ಒಂದೇ. ಮಾವಯ್ಯ ಏಳ್ದಂಗೆ.” ಬೀಜ ಮುಟ್ಟಿಯೂ ಇರಲಿಲ್ಲ. ನಾನು ‘ಸಮ’ ಎಂದು ಬರೆದಿದ್ದೆ. ಮಧುಗಿರಿ ಕಡೆಯ ಒಬ್ಬ ತೋಟದ ಯಜಮಾನ: “ಯಾವ್ದಾದ್ರೇನು ಬುಡಿ ಸಾ, ನಮ್ಗೆ ಸ್ವಂತ ಬಾವಿ ಐತಲ್ಲ.” ಅವನಿಗೂ ‘ಸಮ’. ಹೇಳಲು ಹೆದರಿದವಳು, ಗೊಡವೆಯೇ ಇಲ್ಲದವನು, ಬಸ್ಸಿನ ಹೊತ್ತಾದರೂ ಬಿಡದೆ ತೂಗಿ ತೂಗಿ ಹೇಳಿದವಳು, ಮೂವರನ್ನೂ ಒಂದೇ ಗೋಣಿಗೆ ತುಂಬಿದವನು ಯಾರು? ಕೀಸ್ ಅಲ್ಲ, ನಾನು. ಸಿರಾ ಬಸ್ಸು ತಪ್ಪೀತೆಂದು ಓಡಿದ ಪುಣ್ಯಾತ್ಮ. ಪಾವಗಡ ತಾಲ್ಲೂಕಿನಲ್ಲಂತೂ ಬಸ್ಸು ನಿಂತ ಕಡೆಯೇ ನನ್ನ ಸಮೀಕ್ಷೆಯೂ ನಿಂತಿತ್ತು. ಆಂಧ್ರದ ಗಡಿಗೆ ತಾಗಿದ ಮೂರು ಊರಿಗೆ ಹೋಗಿಯೇ ಇರಲಿಲ್ಲ.

ಚರ್ಚಿನಿಂದ ಬಂದ ಟ್ರೂಸ್ ಮೇಡಂ ಮೇಜು ನೋಡಿ ಏನಿದು ಎಂದರು. ಹೇಳಿದೆ. ಹೇಳುವ ಭರದಲ್ಲಿ ಮೊದಲ ದಿನದ ಕಾಫಿಯ ವಿಷಯವನ್ನೂ ಹೊರಗೆ ಹಾಕಿದೆ. ಅವರ ಮುಖ ಕೆಂಪಾಯಿತು.

“ನಿಮಗೆ ಬೇಡವಾಗಿತ್ತು ಎಂದುಕೊಂಡೆ. ಬೇಡದ್ದನ್ನು ಬಲವಂತ ಮಾಡುವುದು ಅವಮರ್ಯಾದೆ ಅಲ್ಲವೇ?”

“ಬೇಕಾದದ್ದನ್ನು ಕೊಡದಿರುವುದು?”

“ನನಗೆ ಗೊತ್ತಾಗದಿದ್ದರೆ ಇನ್ನೊಮ್ಮೆ ಕೇಳಬೇಕಿತ್ತು” ಎಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, “ನೀವೂ ಅವರನ್ನು ಇನ್ನೊಮ್ಮೆ ಕೇಳಬೇಕಿತ್ತು” ಎಂದರು. ಆಮೇಲೆ ತಾವೇ ಕುರ್ಚಿ ಎಳೆದುಕೊಂಡು ಕೂತು, ನಾನು ಓದಿ ಹೇಳಿದ ಒಂದೊಂದು ‘ಸಮ’ವನ್ನೂ ಚೀಟಿಗೆ ಬರೆದು ಮೂರು ಗುಡ್ಡೆ ಮಾಡಿಕೊಟ್ಟರು. ಊಟದ ಹೊತ್ತಿಗೆ ಕೇಳದೆಯೇ ಸೂಪೂ ಇಟ್ಟರು, ರೊಟ್ಟಿಯೂ ಇಟ್ಟರು.

ಬುಧವಾರ, ಉದ್ದ ಮೇಜು

ಮೂರು ಗುಡ್ಡೆಯನ್ನೂ ಸಭೆಯ ಮೇಜಿನ ಮೇಲಿಟ್ಟೆ. ತೂಗಿ ಸಮ ಎಂದವರಿಗೆ ಐದು ಐದು ಬೀಜ ಎಂದೇ ಲೆಕ್ಕ ಕೊಡಿ. ಗೊಡವೆ ಇಲ್ಲದವರನ್ನು ಬಿಡಿ. ಹೆದರಿ ಸುಮ್ಮನಾದವರನ್ನು ಕೇಳಿಲ್ಲ ಎಂದು ಬರೆಯಿರಿ, ಅಭಿಪ್ರಾಯ ಇಲ್ಲ ಎಂದು ಬರೆಯಬೇಡಿ. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಯಾನ್ ಅವರು ಎದ್ದುನಿಂತು ಎಲ್ಲರೆದುರಿಗೆ, “ಇವರು ಹೇಳುವುದು ಸರಿ, ನಾವು ಮಾಡಿದ್ದು ತಪ್ಪು” ಎಂದರು. ನಮ್ಮ ಕಡೆಯ ಯಾವ ಸಾಹೇಬರ ಬಾಯಲ್ಲೂ ಆ ಮಾತು ನಾನು ಕೇಳಿಲ್ಲ. ಕೀಸ್ ಹೊಸ ಲೆಕ್ಕ ಮಾಡಿ ತಂದ. ಹತ್ತಿರಕ್ಕೂ ತೊಟ್ಟಿಗೂ ಈಗ ಸರಿಸಮ ತೂಕ. ಎರಡು ನಕ್ಷೆಗಳೂ ಒಂದೇ ಮಟ್ಟಕ್ಕೆ ಬಂದು ನಿಂತವು.

ನಾನು ಗೆದ್ದೆನೆಂದು ಎದೆಯುಬ್ಬಿಸಿ ಕೂತೆ.

“ಈಗ ಒಂದು ಪ್ರಶ್ನೆ” ಎಂದರು ಯಾನ್. “ಸಿಮೆಂಟು ಇರುವುದು ಇಷ್ಟೇ. ತೊಟ್ಟಿ ಕಟ್ಟಿಸಿದರೆ ಪಟ್ಟಿಯ ಕೊನೆಯ ಮೂರು ಊರಿಗೆ ಪಂಪು ಇಲ್ಲ. ನಿಮ್ಮ ಜನಕ್ಕೆ ಎರಡು ನಕ್ಷೆಯೂ ಒಂದೇ ಎಂದು ನೀವೇ ತೋರಿಸಿಕೊಟ್ಟಿರಿ. ಹಾಗಾದರೆ ತೊಟ್ಟಿ ಇಲ್ಲದ ನಕ್ಷೆ ತೆಗೆದುಕೊಂಡು ಆ ಮೂರು ಊರಿಗೂ ನೀರು ಕೊಡಬಹುದಲ್ಲ?”

ಕೊನೆಯ ಮೂರು ಊರು ಯಾವುವೆಂದು ಪಟ್ಟಿ ನೋಡದೆಯೇ ನನಗೆ ಗೊತ್ತಿತ್ತು. ನಾನು ಸೈಕಲ್ಲು ತುಳಿಯದೆ ಬಿಟ್ಟ ಆ ಗಡಿಯ ಊರುಗಳು.

ಅವರ ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಇಷ್ಟೆಲ್ಲ ಬಡಿದಾಡಿ ತಂದ ತೊಟ್ಟಿಯನ್ನು ಎರಡು ವಾಕ್ಯದಲ್ಲಿ ಕಿತ್ತುಕೊಳ್ಳುತ್ತಿದ್ದಾರೆ ಎನಿಸಿತು. ದಿಬ್ಬದ ಮೇಲೆ ಮೇಯುತ್ತಿದ್ದ ಅವರ ಕುರಿಗಳು ಕಣ್ಣೆದುರಿಗೆ ಬಂದವು. ಹೆಂಗಸರು ದೂರದ ಪಂಪಿಗೆ ನಡೆದಾದರೂ ಹೋಗುತ್ತಾರೆ, ಕುರಿ ಪಂಪು ಹೊಡೆಯುತ್ತದೆಯೇ? ಈ ವಾದ ನನ್ನದು, ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

“ತೊಟ್ಟಿ ಇರಲೇಬೇಕು” ಎಂದೆ.

“ಇದು ನಿಮ್ಮ ಮಾತೋ, ಜನರ ಮಾತೋ?” ಯಾನ್ ಅವರು ಮೆತ್ತಗೇ ಕೇಳಿದರು.

“ಜನರದು” ಎಂದೆ.

ಅವರು ಹಾಗೆಯೇ ಬರೆದುಕೊಂಡರು.

ಮತ್ತೆ ಹುಲಿಕುಂಟೆ, ಆಮೇಲೆ ಪಾವಗಡದ ಗಡಿ

ಒಂದು ವರ್ಷ ಕಳೆದು ಪಂಪುಗಳು ಬಂದವು. ಸಂಸ್ಥೆಯವರು ಅಚ್ಚು ಹಾಕಿಸಿ ಕಳಿಸಿದ ವರದಿಯೂ ಬಂತು. ಕೆಲಸ ನೋಡಲು ಹೊಸದಾಗಿ ಬಂದಿದ್ದ ಎಂಜಿನಿಯರರ ಜೊತೆ ಜೀಪಿನಲ್ಲಿ ಹೊರಟೆ.

ಈರಕ್ಕನ ಹಟ್ಟಿಯ ಆಚೆ ಉದ್ದನೆಯ ತೊಟ್ಟಿ ಕಟ್ಟಿದ್ದರು. ಸಾಲಾಗಿ ನಿಂತು ಕುಡಿಯುವ ಕುರಿಗಳನ್ನು ನೋಡಿ ಹಾಲೆಂಡಿನ ಥಂಡಿಯೆಲ್ಲ ಸಾರ್ಥಕವಾಯಿತು ಎನಿಸಿತು. ಈರಕ್ಕ ಕೊಡ ಹೊತ್ತು ಬರುತ್ತಿದ್ದಳು.

“ನೋಡು, ನಿನ್ನ ತೊಟ್ಟಿ ಬಿಡಿಸಿಕೊಂಡು ಬಂದೆ” ಎಂದೆ, ಸ್ವಲ್ಪ ಜಂಬದಿಂದಲೇ.

“ಆತು ಸಾಮಿ, ಒಳ್ಳೇದಾತು. ಕುರಿಗೆ ಸುಕ” ಎಂದಳು. “ಇದಲ್ದೆ ಹಟ್ಟಿವೊಳ್ಗೆ ಪಂಪು ಬಂದಿದ್ರೂ ನಂಗೆ ಇಷ್ಟೇ ಸಂತೋಸ ಆಗ್ತಿತ್ತು. ಎಲ್ಡೂ ಒಂದೇ ಅಂತ ಅವತ್ತೇ ಅಂದಿದ್ನಲ್ಲ, ನೀನೇ ಬರ್ಕಂಡೆ.”

ಹೌದು, ನಾನೇ ಬರೆದುಕೊಂಡಿದ್ದೆ. ಅವಳ ಮಾತನ್ನು ಉಳಿಸಲು ಒಂದು ದೇಶದವರ ಜೊತೆ ಜಗಳವಾಡಿದ್ದೆ. ಕೊನೆಗೆ ಅವಳು ಆಡದ ಮಾತನ್ನು ಅವಳ ಬಾಯಿಗೆ ಹಾಕಿ ಬಂದಿದ್ದೆ.

ಜೀಪು ಪಾವಗಡ ದಾಟಿದ ಮೇಲೆ, ಪಂಪು ಸಿಗದ ಮೂರು ಊರಿನಲ್ಲಿ ಒಂದಕ್ಕೆ ಹೋಗೋಣ ಎಂದೆ. ಅಲ್ಲಿ ಏನು ನೋಡುವುದಿದೆ ಸಾರ್ ಎಂದರು ಎಂಜಿನಿಯರು. ಆದರೂ ಹೋದೆವು. ಊರ ಮುಂದೆ ಕೊಡ ಹಿಡಿದು ಹೊರಟಿದ್ದ ನಡುವಯಸ್ಸಿನ ಹೆಂಗಸು ಜೀಪು ನೋಡಿ ನಿಂತಳು. ದೂರದ ಬಾವಿಗೆ ಹೊರಟಿದ್ದಳು.

“ಪಂಪು ಹಾಕೋಕೆ ವಚ್ಚಿದಿರಾ ಸಾಮಿ?” ಎಂದಳು, ಗಡಿಯ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ.

“ಇಲ್ಲಮ್ಮ. ನಿಮ್ಮೂರಿಗೆ ಇಲ್ಲ.”

“ಎಂದುಕು? ಪಕ್ಕದೂರಿಗೆಲ್ಲ ಹಾಕವ್ರೆ ಕದಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರು ವರದಿ ಬಿಡಿಸಿದರು. ಒಳ್ಳೆಯ ಮನುಷ್ಯ, ಸಮಾಧಾನ ಹೇಳಲೆಂದೇ ಓದಿದರು: “ನೋಡಮ್ಮ, ಇಲ್ಲಿ ಅಚ್ಚಾಗಿದೆ. ನಾಲ್ಕು ತಾಲ್ಲೂಕಿನ ಜನರ ಅಪೇಕ್ಷೆಯಂತೆ ಕುರಿಗೆ ತೊಟ್ಟಿ ಕಟ್ಟಿಸಲಾಗಿದೆ. ಅದಕ್ಕೇ ಸಿಮೆಂಟು ಸಾಲಲಿಲ್ಲ. ಜನರೇ ಕೇಳಿದ್ದು.”

“ಏ ಜನಾಲು? ನಮ್ಮನ್ನ ಎವರೂ ಕೇಳ್ಲೇದೇ!”

“ಜನ ಅಲ್ಲಮ್ಮ” ಎಂದೆ. “ನಾನು. ನಾನು ಹೇಳಿದ್ದು.”

ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಗೊರ್ರೆಗಳ್ದೂ ಪ್ರಾಣಾನೇ ಕದಾ ಸಾಮಿ. ನಮ್ಮಿಂಟ್ಲೋನೂ ಕುರಿ ಐತೆ” ಎಂದಳು. “ಒಂದು ಮಾತು ಬಂದು ಕೇಳಿದ್ದಿದ್ರೆ, ಇಂಗಿಂಗೆ, ಕುರಿಗೆ ನೀರು ಬೇಕು, ನಿಮ್ಮೂರ ಪಂಪು ಬಿಟ್ಟುಕೊಡ್ತೀರಾ ಅಂತ, ನಾವೇ ಇಚ್ಚೇಸ್ತಿದ್ವಿ, ಕೊಟ್ಟೇಬಿಡ್ತಿದ್ವಿ. ಕೇಳ್ದೆ ತಗೊಂಡ್ಬುಟ್ರಿ.”

ಕೊಡವನ್ನು ಸೊಂಟಕ್ಕೆ ಸರಿಮಾಡಿಕೊಂಡು ಬಾವಿಯ ದಾರಿ ಹಿಡಿದಳು.

“ಏನಂತೆ ಸಾರ್ ಅವಳದು?” ಎಂದರು ಎಂಜಿನಿಯರು. ಅವರಿಗೆ ಆ ಕಡೆಯ ಮಾತು ಪೂರ್ತಿ ತಿಳಿದಿರಲಿಲ್ಲ. ನಾನು ವರದಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಜೀಪಿನ ಬಾನೆಟ್ಟಿನ ಮೇಲಿಟ್ಟು, ‘ನಾಲ್ಕು ತಾಲ್ಲೂಕಿನ ಜನರ’ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ, ಅದರ ಮೇಲೆ ನನ್ನ ಹೆಸರು ಬರೆದೆ.